ನೆಲೆ ತಪ್ಪಿದ ಜೀವಕೋಶ ಸಾಯಬೇಕು. ಕ್ಯಾನ್ಸರ್ ಯಾಕೆ ಸಾಯಲ್ಲ?

ಕ್ಯಾನ್ಸರ್ ಅಂತ ಡಾಕ್ಟರ್ ಹೇಳಿದಾಗಲೂ ಮನೆಯವರು ಹೇಗೋ ಧೈರ್ಯ ತಂದುಕೊಳ್ತಾರೆ. ಆಪರೇಷನ್ ಇದೆಯಲ್ಲ, ರೇಡಿಯೇಷನ್ ಇದೆಯಲ್ಲ, ಗಡ್ಡೆ ತೆಗೆಸಿಬಿಟ್ಟರೆ ಆಯ್ತಲ್ಲ ಅಂತ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ತಾರೆ. ಸ್ಕ್ಯಾನಿಂಗ್ ರಿಪೋರ್ಟ್ ಕೈಗೆತ್ತಿಕೊಂಡು ಅದೇ ಡಾಕ್ಟರ್ ‘ಹರಡಿದೆ’ ಅಂದುಬಿಟ್ಟರೆ ಮಾತ್ರ ಆ ಧೈರ್ಯ ಅಲ್ಲೇ ಕುಸಿಯುತ್ತೆ. ಹರಡಿದೆ. ಬರೀ ನಾಲ್ಕಕ್ಷರ. ಎದೆಯಲ್ಲಿ ಹುಟ್ಟಿದ್ದು ಮೂಳೆಗೆ ಬಂತು, ಕರುಳಲ್ಲಿ ಹುಟ್ಟಿದ್ದು ಯಕೃತ್ತಿಗೆ ಬಂತು, ನಾಲಗೆಯಲ್ಲಿ ಹುಟ್ಟಿದ್ದು ಕುತ್ತಿಗೆಯ ಗ್ರಂಥಿಗೆ ಬಂತು.

ಹೇಗೆ ಬಂತು? ನಾನಿವತ್ತು ಮಾತಾಡೋಕೆ ಹೊರಟಿರೋದು ಈ ಒಂದೇ ಪ್ರಶ್ನೆ ಬಗ್ಗೆ. ಕ್ಯಾನ್ಸರ್‌ನಿಂದಾಗೋ ಸಾವುಗಳಲ್ಲಿ ಬಹುಪಾಲು ಸಾವುಗಳಿಗೆ ಕಾರಣ ಮೊದಲು ಹುಟ್ಟಿದ ಗಡ್ಡೆ ಅಲ್ಲ, ಅದು ಬೇರೆ ಕಡೆ ಹೋಗಿ ಕಟ್ಟಿದ ಗಡ್ಡೆಗಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನ ಪ್ರಕಾರ 2022ನೇ ಇಸವಿ ಒಂದರಲ್ಲೇ ಭಾರತದಲ್ಲಿ ಸುಮಾರು 14 ಲಕ್ಷ ಹೊಸ ರೋಗಿಗಳು ಪತ್ತೆಯಾದರು. ಸುಮಾರು 9 ಲಕ್ಷ ಜನ ತೀರಿಕೊಂಡರು. ಹಾಗಾಗಿ ಈ ‘ಹರಡೋ’ ವಿದ್ಯೆ ಕ್ಯಾನ್ಸರ್‌ಗೆ ಎಲ್ಲಿಂದ ಬಂತು ಅನ್ನೋದು ಬರೀ ವಿಜ್ಞಾನಿಗಳ ತಲೆನೋವಲ್ಲ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಓದಿದ್ದು ಎಂಜಿನಿಯರಿಂಗ್. ಯಾವುದಾದರೂ ಮೆಷೀನ್ ಕೆಟ್ಟರೆ ಅದು ಯಾಕೆ ಕೆಟ್ಟಿತು ಅನ್ನೋದಕ್ಕಿಂತ ಮೊದಲು ಅದು ಸರಿಯಾಗಿದ್ದಾಗ ಹೇಗೆ ನಡೀತಿತ್ತು ಅಂತ ನೋಡಬೇಕು ಅನ್ನೋದು ನಮಗೆ ಕಲಿಸಿದ ಪಾಠ. ಇಲ್ಲೂ ಹಾಗೇ ಮಾಡೋಣ.

ನಮ್ಮ ಮೈಯಲ್ಲಿ ಲಕ್ಷ ಕೋಟಿಗಳ ಲೆಕ್ಕದಲ್ಲಿ ಜೀವಕೋಶಗಳಿವೆ. ಇಷ್ಟೊಂದು ಕೋಶಗಳು ಮರಳಿನ ರಾಶಿಯ ಥರ ಜಾರಿ ಚೆಲ್ಲಿಹೋಗದೆ ಒಂದು ಆಕಾರದಲ್ಲಿ ನಿಂತಿವೆಯಲ್ಲ, ಹೇಗೆ? ಉತ್ತರ ಸಿಂಪಲ್. ಅವು ಅಂಟಿಕೊಂಡಿವೆ. ಈ ಅಂಟು ಎರಡು ಥರದ್ದು. ಒಂದು, ಪಕ್ಕದ ಕೋಶದ ಕೈ ಹಿಡಿಯೋ ಅಂಟು. ಇನ್ನೊಂದು, ನಿಂತ ನೆಲಕ್ಕೆ ಕಾಲೂರೋ ಅಂಟು. ಕೈ ಹಿಡಿಯೋ ಪ್ರೋಟೀನ್‌ಗಳಲ್ಲಿ ಮುಖ್ಯವಾದವಕ್ಕೆ ಕ್ಯಾಧರಿನ್ ಅಂತ ಹೆಸರು. ಜಪಾನಿನ ಮಸಾತೋಶಿ ತಾಕೆಯಿಚಿ ಅನ್ನೋ ವಿಜ್ಞಾನಿ ಇದನ್ನು ಹುಡುಕಿದರು. ಕ್ಯಾಲ್ಸಿಯಂ ಇದ್ದರೆ ಮಾತ್ರ ಕೋಶಗಳು ಒಂದಕ್ಕೊಂದು ಅಂಟುತ್ತವೆ, ತೆಗೆದರೆ ಬಿಟ್ಟುಕೊಳ್ಳುತ್ತವೆ ಅಂತ 1977ರಲ್ಲಿ ಅವರು ತೋರಿಸಿದರು. ಕ್ಯಾಲ್ಸಿಯಂನ ‘ಕ್ಯಾ’ ಆ ಹೆಸರಿಗೆ ಬಂದಿದ್ದು ಹೀಗೆ.

ಕಾಲೂರೋ ಪ್ರೋಟೀನ್‌ಗಳು ಇಂಟೆಗ್ರಿನ್‌ಗಳು. ಕೋಶಗಳ ಸುತ್ತ ನಾರು, ಜಿಗುಟು, ಸಕ್ಕರೆ ಪ್ರೋಟೀನ್ ಎಲ್ಲ ಸೇರಿದ ಒಂದು ಹಾಸು ಇರುತ್ತೆ. ಮ್ಯಾಟ್ರಿಕ್ಸ್ ಅಂತಾರೆ. ಇಂಟೆಗ್ರಿನ್ ಅನ್ನೋದು ಕೋಶದ ಪೊರೆಯನ್ನು ಸೀಳಿಕೊಂಡು ಒಂದು ತುದಿ ಒಳಗೆ, ಇನ್ನೊಂದು ತುದಿ ಹೊರಗೆ ಚಾಚಿ ಆ ಹಾಸನ್ನು ಹಿಡಿದಿರುತ್ತೆ. ರಿಚರ್ಡ್ ಹೈನ್ಸ್ ಅವರ ತಂಡ 1986ರಲ್ಲಿ ಈ ಹೆಸರು ಕೊಟ್ಟಿತು. ಅದಕ್ಕೂ ಎರಡು ವರ್ಷ ಮೊದಲು ಅಮೆರಿಕದಲ್ಲಿ ಕೆಲಸ ಮಾಡ್ತಿದ್ದ ಫಿನ್ಲೆಂಡಿನ ಎರ್ಕಿ ರೂಸ್ಲಾಹ್ತಿ ಅವರ ತಂಡ, ಮ್ಯಾಟ್ರಿಕ್ಸಿನ ಪ್ರೋಟೀನಿನಲ್ಲಿ ಬರೀ ಮೂರು ಅಮೈನೋ ಆಮ್ಲಗಳ ಒಂದು ತುಂಡೇ ಈ ಹಿಡಿತದ ಕೊಂಡಿ ಅಂತ ಕಂಡುಹಿಡಿದಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಇಂಟೆಗ್ರಿನ್ ಬರೀ ಗೋಂದು ಆಗಿದ್ದಿದ್ದರೆ ಇಷ್ಟೆಲ್ಲ ಮಾತು ಬೇಕಿರಲಿಲ್ಲ. ಅದು ಸೆನ್ಸರ್ ಕೂಡ ಹೌದು. ‘ನಾನು ನನ್ನ ಜಾಗದಲ್ಲೇ ಇದ್ದೀನಿ, ನೆಲ ಗಟ್ಟಿ ಇದೆ, ಬೆಳೀಬಹುದು’ ಅನ್ನೋ ಸುದ್ದಿಯನ್ನು ಕ್ಷಣಕ್ಷಣಕ್ಕೂ ಕೋಶದ ಒಳಗೆ ಕಳಿಸ್ತಾ ಇರುತ್ತೆ. ಆ ಸುದ್ದಿ ನಿಂತರೆ? ಕೋಶ ತಾನಾಗೇ ಸಾಯುತ್ತೆ. ಯಾರೂ ಕೊಲ್ಲಬೇಕಿಲ್ಲ. ನೆಲೆ ತಪ್ಪಿದ ಕೋಶ ಬದುಕಬಾರದು ಅನ್ನೋ ಕಾನೂನು ಅದರೊಳಗೇ ಬರೆದಿದೆ. 1994ರಲ್ಲಿ ಸ್ಟೀವನ್ ಫ್ರಿಶ್ ಮತ್ತು ಫ್ರಾನ್ಸಿಸ್ ಇದಕ್ಕೆ ‘ಅನೋಯಿಕಿಸ್’ ಅಂತ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಮನೆ ಇಲ್ಲದ ಸ್ಥಿತಿ ಅಂತ ಅರ್ಥ.

ಕ್ರೂರ ಕಾನೂನು ಅನಿಸುತ್ತಾ? ಇದೇ ನಮ್ಮನ್ನು ಕಾಯ್ತಾ ಇರೋದು. ನಮ್ಮ ಕರುಳಿನ ಒಳಪದರ ಮೂರರಿಂದ ಐದು ದಿನಕ್ಕೊಮ್ಮೆ ಹೊಸದಾಗುತ್ತೆ. ಹಳೆ ಕೋಶಗಳು ದಿನಾ ಕಳಚಿ ಬೀಳ್ತಾನೇ ಇರುತ್ತವೆ. ಹಾಗೆ ಕಳಚಿದ ಒಂದೊಂದು ಕೋಶವೂ ಸಿಕ್ಕಿದ ಕಡೆ ಬೇರು ಬಿಟ್ಟು ಬೆಳೆಯೋಕೆ ಶುರು ಮಾಡಿದ್ದರೆ ನಮ್ಮ ಗತಿ ಏನಾಗ್ತಿತ್ತು ಯೋಚನೆ ಮಾಡಿ.

ಕ್ಯಾನ್ಸರ್ ಮುರಿಯೋದು ಇದೇ ಕಾನೂನನ್ನ. ಅದು ನಡೆಯೋದನ್ನ ಮಲೆನಾಡಿನವರಿಗೆ ಅರ್ಥ ಮಾಡಿಸೋದು ಬಹಳ ಸುಲಭ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಳೆಗಾಲದಲ್ಲಿ ತೋಟಕ್ಕೆ ಇಳಿದವರಿಗೆ ಉಂಬಳದ ಪರಿಚಯ ಇದ್ದೇ ಇರುತ್ತೆ. ಉಂಬಳ ನಡೆಯೋದು ನೋಡಿದ್ದೀರಲ್ಲ? ಮುಂದಿನ ಬಾಯಿ ಊರುತ್ತೆ, ಹಿಂದಿನದನ್ನ ಬಿಡುತ್ತೆ, ಮೈಯನ್ನ ಬಿಲ್ಲಿನ ಥರ ಬಗ್ಗಿಸಿ ಹತ್ತಿರ ಎಳೆದುಕೊಳ್ಳುತ್ತೆ, ಮತ್ತೆ ಮುಂದಕ್ಕೆ ಊರುತ್ತೆ. ಕ್ಯಾನ್ಸರ್ ಕೋಶ ತೆವಳೋದೂ ಹೆಚ್ಚುಕಮ್ಮಿ ಇದೇ ರೀತಿ. ಮುಂಭಾಗದಲ್ಲಿ ಹೊಸ ಇಂಟೆಗ್ರಿನ್ ಹಿಡಿತ, ಹಿಂಭಾಗದಲ್ಲಿ ಹಳೆ ಹಿಡಿತದ ಬಿಡುಗಡೆ. ಅಂಟು ತೀರಾ ಗಟ್ಟಿಯಾದರೆ ಉಂಬಳ ನಿಂತಲ್ಲೇ ನಿಲ್ಲುತ್ತೆ, ತೀರಾ ಸಡಿಲವಾದರೆ ಜಾರಿ ಬೀಳುತ್ತೆ. ನಡೆಯೋಕೆ ಅಂಟೂ ಬೇಕು, ಬಿಡೋದೂ ಬೇಕು.

ಎರಡನೇ ಉದಾಹರಣೆ, ಬಂದಳಿಕೆ. ಮಾವಿನ ಮರಕ್ಕೆ, ಹಲಸಿನ ಮರಕ್ಕೆ ಹತ್ತೋ ಆ ಪರಾವಲಂಬಿ ಗಿಡ. ಅದರ ಹಣ್ಣಿನ ತಿರುಳು ಅಂಟಂಟು. ಹಕ್ಕಿ ತಿಂದು ಕೊಂಬೆಗೆ ಕೊಕ್ಕು ಉಜ್ಜಿದರೋ ಹಿಕ್ಕೆ ಹಾಕಿದರೋ ಬೀಜ ಅಲ್ಲೇ ಕಚ್ಚಿಕೊಳ್ಳುತ್ತೆ. ಆದರೆ ಹಕ್ಕಿ ಬೀಳಿಸಿದ ಬೀಜವೆಲ್ಲ ಮೊಳೆಯೋದಿಲ್ಲ, ಕಲ್ಲಿನ ಮೇಲೆ ಬಿದ್ದದ್ದು ಒಣಗುತ್ತೆ. ಸ್ಟೀಫನ್ ಪೇಜೆಟ್ ಅನ್ನೋ ಇಂಗ್ಲೆಂಡಿನ ಸರ್ಜನ್ 1889ರಲ್ಲೇ ಸ್ತನ ಕ್ಯಾನ್ಸರಿನಿಂದ ಸತ್ತವರ ದಾಖಲೆಗಳನ್ನು ನೋಡಿ ಇದೇ ಮಾತು ಹೇಳಿದ್ದರು: ಕ್ಯಾನ್ಸರ್ ಕೋಶ ಬೀಜ ಇದ್ದಂಗೆ, ಹೊಂದೋ ಮಣ್ಣು ಸಿಕ್ಕರೆ ಮಾತ್ರ ಮೊಳೆಯುತ್ತೆ. 1970ರಲ್ಲಿ ಐಸಯ್ಯ ಫಿಡ್ಲರ್ ಅನ್ನೋ ವಿಜ್ಞಾನಿ ವಿಕಿರಣದ ಗುರುತು ಹಾಕಿದ ಕ್ಯಾನ್ಸರ್ ಕೋಶಗಳನ್ನು ಇಲಿಗಳ ರಕ್ತಕ್ಕೆ ಬಿಟ್ಟು ಲೆಕ್ಕ ಹಾಕಿದರು. ಹೆಚ್ಚಿನವು ಒಂದೇ ದಿನದಲ್ಲಿ ಸತ್ತವು. ಉಳಿದು ಹೊಸ ಗಡ್ಡೆ ಕಟ್ಟಿದ್ದು ಸಾವಿರಕ್ಕೆ ಒಂದಕ್ಕಿಂತಲೂ ಕಮ್ಮಿ.

ಹಾಗಾದರೆ ಆ ಸಾವಿರಕ್ಕೆ ಒಂದು ಕೋಶ ಹೇಗೆ ಬದುಕಿತು? ಈ ಪ್ರಶ್ನೆಯ ಬೆನ್ನು ಹತ್ತಿರೋರು ನಮ್ಮ ಬೆಂಗಳೂರಲ್ಲೇ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆ, ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೀತೀವಲ್ಲ, ಅಲ್ಲಿನ ಪ್ರೊಫೆಸರ್ ಅನ್ನಪೂರ್ಣಿ ರಂಗರಾಜನ್. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ಸುಧೀರ್ ಕೃಷ್ಣ ಅವರ ತಂಡದ ಜೊತೆ ಗರ್ಭಕಂಠದ ಕ್ಯಾನ್ಸರ್ ಮೇಲೆ ಕೆಲಸ ಮಾಡಿ, ಆಮೇಲೆ ಅಮೆರಿಕದ ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡಿದವರು. ಒಂದು ಆರೋಗ್ಯವಂತ ಮನುಷ್ಯ ಕೋಶ ಕ್ಯಾನ್ಸರ್ ಆಗೋಕೆ ಕನಿಷ್ಠ ಏನೇನು ಕೆಡಬೇಕು ಅಂತ ಅಲ್ಲಿ ಅವರು ಮಾಡಿದ ಕೆಲಸ 2004ರಲ್ಲಿ ಪ್ರಕಟವಾಯಿತು. ಆಮೇಲೆ ಬೆಂಗಳೂರಿಗೆ ವಾಪಸ್.

ಅವರ ತಂಡ ಹಿಡಿದ ಎಳೆ ಯಾವುದು ಅಂದರೆ, ನೆಲ ಬಿಟ್ಟ ಕೋಶದ ಹಸಿವು. ಕಾಲೂರಿ ನಿಂತ ಕೋಶಕ್ಕೆ ಗ್ಲೂಕೋಸ್ ಸರಾಗವಾಗಿ ಸಿಗುತ್ತೆ. ನೆಲ ಬಿಟ್ಟ ತಕ್ಷಣ ಅದು ಗ್ಲೂಕೋಸ್ ಎಳೆದುಕೊಳ್ಳೋದೇ ಕಮ್ಮಿಯಾಗುತ್ತೆ, ಒಳಗಿನ ಶಕ್ತಿ ಕುಸಿಯುತ್ತೆ. ಆಗ ಎಎಂಪಿಕೆ ಅನ್ನೋ ಪ್ರೋಟೀನ್ ಎಚ್ಚರವಾಗುತ್ತೆ. ಕೋಶದ ಇಂಧನದ ಮೀಟರ್ ಅದು. ಮಲೆನಾಡಿನ ಭಾಷೆಯಲ್ಲೇ ಹೇಳ್ತೀನಿ. ಜುಲೈ ತಿಂಗಳು, ಗಾಳಿ ಮಳೆ, ಮರ ಬಿದ್ದು ಲೈನ್ ಹೋಗಿದೆ. ಮನೆಯಲ್ಲಿ ಇನ್ವರ್ಟರ್ ಇದೆ. ಏನು ಮಾಡ್ತೀರಿ? ಗೀಸರ್ ಹಾಕಲ್ಲ, ಮಿಕ್ಸಿ ಹಾಕಲ್ಲ, ಪಂಪ್‌ಸೆಟ್ಟಿನ ಮಾತೇ ಇಲ್ಲ. ಎರಡು ಲೈಟು, ಮೊಬೈಲ್ ಚಾರ್ಜು, ಅಷ್ಟೇ. ಕರೆಂಟ್ ಬರೋವರೆಗೆ ಜೀವ ಹಿಡ್ಕೊಂಡಿರಬೇಕು. ಎಎಂಪಿಕೆ ಮಾಡೋದೂ ಇಷ್ಟೇ. ಬೆಳವಣಿಗೆಯ ಖರ್ಚನ್ನೆಲ್ಲ ನಿಲ್ಲಿಸಿ ಕೋಶವನ್ನು ಉಳಿತಾಯದ ಮೋಡಿಗೆ ಹಾಕುತ್ತೆ.

2014ರಲ್ಲಿ ಈ ತಂಡ ತೋರಿಸಿದ್ದು ಏನಂದರೆ, ಎಎಂಪಿಕೆ ಇನ್ನೊಂದು ಕೆಲಸವನ್ನೂ ಮಾಡುತ್ತೆ. ಪಿಇಎ15 ಅನ್ನೋ ಪ್ರೋಟೀನನ್ನು ಚುರುಕು ಮಾಡಿ, ನೆಲೆ ತಪ್ಪಿದ ಸ್ತನದ ಕೋಶ ಸಾಯದಂತೆ ತಡೆಯುತ್ತೆ. ಅಂದರೆ ಯಾವ ಕಾನೂನಿನ ಪ್ರಕಾರ ಆ ಕೋಶಕ್ಕೆ ಮರಣದಂಡನೆ ಆಗಬೇಕಿತ್ತೋ ಅದಕ್ಕೆ ಸ್ಟೇ ಸಿಕ್ಕಿಬಿಡುತ್ತೆ.

2018ರಲ್ಲಿ ‘ಕ್ಯಾನ್ಸರ್ ರಿಸರ್ಚ್’ ಪತ್ರಿಕೆಯಲ್ಲಿ ಬಂದ ಅವರ ಪ್ರಬಂಧ ಓದಿದಾಗ ನನಗೆ ಕಾಲೇಜಿನ ಡಿಜಿಟಲ್ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೆನಪಾಯಿತು. ಫ್ಲಿಪ್‌ಫ್ಲಾಪ್ ಅಂತ ಒಂದು ಸರ್ಕ್ಯೂಟ್ ಬರುತ್ತೆ. ಎರಡು ಗೇಟುಗಳು, ಒಂದು ಆನ್ ಆದರೆ ಇನ್ನೊಂದನ್ನ ಆಫ್ ಮಾಡುತ್ತೆ. ಎರಡೂ ಒಟ್ಟಿಗೆ ಆನ್ ಇರೋ ಹಾಗಿಲ್ಲ. ಕ್ಯಾನ್ಸರ್ ಕೋಶದ ಒಳಗೂ ಅಂಥದ್ದೇ ಒಂದು ಜೋಡಿ ಇದೆ ಅಂತ ಆ ಪ್ರಬಂಧ ಹೇಳುತ್ತೆ. ಒಂದು ಕಡೆ ಎಎಂಪಿಕೆ, ಅಂದರೆ ಉಳಿತಾಯ. ಇನ್ನೊಂದು ಕಡೆ ಎಕೆಟಿ, ಅಂದರೆ ಬೆಳವಣಿಗೆ. ಕೋಶ ನೆಲಕ್ಕೆ ಅಂಟಿದ್ದಾಗ ಎಕೆಟಿ ಜೋರಾಗಿರುತ್ತೆ, ಎಎಂಪಿಕೆಯನ್ನ ತಣ್ಣಗಿಡುತ್ತೆ. ನೆಲ ಬಿಟ್ಟಾಗ ಎಎಂಪಿಕೆ ಏಳುತ್ತೆ, ಎಕೆಟಿಯನ್ನ ಮಲಗಿಸುತ್ತೆ. ಹೊಸ ಜಾಗಕ್ಕೆ ಹೋಗಿ ಮತ್ತೆ ಅಂಟಿಕೊಂಡರೆ ಸ್ವಿಚ್ ಮತ್ತೆ ತಿರುಗುತ್ತೆ. ಮನೆಯ ಚೇಂಜ್ ಓವರ್ ಸ್ವಿಚ್ ಇದ್ದ ಹಾಗೆ, ಮೇಲೆ ಹಾಕಿದರೆ ಲೈನು, ಕೆಳಗೆ ಹಾಕಿದರೆ ಜನರೇಟರ್. ಈ ಬದಲಾವಣೆಯೇ ಕೋಶಕ್ಕೆ ಪ್ರಯಾಣದಲ್ಲಿ ಬದುಕೋ ಶಕ್ತಿ ಕೊಡೋದು, ತಲುಪಿದ ಮೇಲೆ ಬೆಳೆಯೋ ಶಕ್ತಿ ಕೊಡೋದು.

ಇದನ್ನೆಲ್ಲ ಪ್ರಯೋಗಾಲಯದಲ್ಲಿ ನೋಡೋದು ಹೇಗೆ ಅಂತ ನೀವು ಕೇಳಬಹುದು. ಹಬ್ಬಕ್ಕೆ ಮನೆಯಲ್ಲಿ ಚೈನಾ ಗ್ರಾಸ್ ಹಾಕಿ ಜೆಲ್ಲಿ ಮಾಡ್ತಾರಲ್ಲ, ಸಮುದ್ರದ ಪಾಚಿಯಿಂದ ಬರೋ ಅದೇ ಅಗರ್. ಅದನ್ನು ಮೆತ್ತಗೆ ಹದ ಮಾಡಿ ಕೋಶಗಳನ್ನು ಅದರಲ್ಲಿ ತೇಲಿಬಿಡ್ತಾರೆ. ಕಾಲೂರೋಕೆ ನೆಲ ಸಿಗಲ್ಲ. ಮಾಮೂಲಿ ಕೋಶಗಳು ಬೆಳೆಯೋದಿಲ್ಲ. ಕ್ಯಾನ್ಸರ್ ಕೋಶ ಮಾತ್ರ ಅಲ್ಲೂ ಗುಂಪು ಕಟ್ಟಿ ಬೆಳೆಯುತ್ತೆ. ಜಗತ್ತಿನಾದ್ಯಂತ ದಶಕಗಳಿಂದ ನಡೆದು ಬಂದಿರೋ ಪರೀಕ್ಷೆ ಇದು. ಅದೇ ಐಐಎಸ್‌ಸಿಯಲ್ಲಿ ರಾಮರಾಯ್ ಭಟ್ ಅವರ ತಂಡ ಅಂಡಾಶಯದ ಕ್ಯಾನ್ಸರ್ ಕೋಶಗಳು ಹೊಟ್ಟೆಯೊಳಗಿನ ನೀರಿನಲ್ಲಿ ತೇಲುವಾಗ ಕಟ್ಟಿಕೊಳ್ಳೋ ಉಂಡೆಗಳ ಬಗ್ಗೆ ಕೆಲಸ ಮಾಡಿದೆ. ಕೆಲವು ಉಂಡೆ ಹಿಪ್ಪುನೇರಳೆ ಹಣ್ಣಿನ ಥರ ಗಂಟುಗಂಟು, ಕೆಲವು ಒಳಗೆ ಪೊಳ್ಳಾಗಿ ಹೊರಗೆ ನುಣುಪು. ನೆಲ ಸಿಗದಿದ್ದರೆ ತಾವೇ ಮ್ಯಾಟ್ರಿಕ್ಸ್ ಹೊದ್ದುಕೊಂಡು ನೆಲೆ ಮಾಡಿಕೊಳ್ಳುತ್ತವೆ.

ಸರಿ, ಇದರಿಂದ ರೋಗಿಗೆ ಏನು ಸಿಕ್ಕಿತು? ಟಿವಿ ಮುಂದೆ ಕೂತವರು ಕೇಳೋ ನ್ಯಾಯವಾದ ಪ್ರಶ್ನೆ ಇದು.

ಮೆಟ್‌ಫಾರ್ಮಿನ್ ಮಾತ್ರೆಯ ಕಥೆ ಕೇಳಿ. ಸಕ್ಕರೆ ಕಾಯಿಲೆಯ ಮಾತ್ರೆ, ನಮ್ಮಲ್ಲಿ ಮನೆಮನೆಯಲ್ಲಿದೆ. ಅದು ಎಎಂಪಿಕೆಯನ್ನು ಎಬ್ಬಿಸುತ್ತೆ. ಎಎಂಪಿಕೆ ಬೆಳವಣಿಗೆಗೆ ಬ್ರೇಕ್ ಹಾಕುತ್ತಲ್ಲ, ಹಾಗಾದರೆ ಕ್ಯಾನ್ಸರಿಗೂ ಆ ಮಾತ್ರೆ ಒಳ್ಳೆಯದು ಅನ್ನೋ ಆಸೆ ಹುಟ್ಟಿತು. ಆದರೆ ಬೆಂಗಳೂರಿನ ಕೆಲಸ ಹೇಳಿದ್ದು, ನಿಲ್ಲಿ, ಇದು ಅಷ್ಟು ಸರಳ ಇಲ್ಲ, ನೆಲೆ ತಪ್ಪಿದ ಕೋಶಕ್ಕೆ ಅದೇ ಎಎಂಪಿಕೆ ಪ್ರಾಣರಕ್ಷಕ ಆಗಬಹುದು. 2022ರಲ್ಲಿ ಒಂದು ದೊಡ್ಡ ಅಂತಾರಾಷ್ಟ್ರೀಯ ಪರೀಕ್ಷೆಯ ಫಲಿತಾಂಶ ಬಂತು. ಸಕ್ಕರೆ ಕಾಯಿಲೆ ಇಲ್ಲದ, ಸ್ತನ ಕ್ಯಾನ್ಸರ್ ಇದ್ದ 3,600ಕ್ಕೂ ಹೆಚ್ಚು ಮಂದಿಯ ಮೇಲೆ ನಡೆದಿದ್ದು. ಮಾಮೂಲಿ ಚಿಕಿತ್ಸೆಯ ಜೊತೆ ಮೆಟ್‌ಫಾರ್ಮಿನ್ ಸೇರಿಸಿದ್ದರಿಂದ ಒಟ್ಟಾರೆ ಲಾಭ ಕಾಣಲಿಲ್ಲ. ಹಾಗಂತ ಶುಗರ್‌ಗೆ ಈ ಮಾತ್ರೆ ತಗೊಳ್ತಿರೋರು ಗಾಬರಿ ಬಿದ್ದು ನಿಲ್ಲಿಸಬೇಡಿ. ಅದು ನಿಮ್ಮ ಶುಗರ್‌ಗೆ ಡಾಕ್ಟರ್ ಕೊಟ್ಟಿರೋ ಔಷಧಿ, ಅವರು ಹೇಳಿದಂತೆ ತಗೊಳ್ಳಿ. ನನ್ನ ಮಾತು ಇಷ್ಟೇ: ವಾಟ್ಸಾಪಿನಲ್ಲಿ ‘ಈ ಒಂದು ಮಾತ್ರೆ, ಈ ಒಂದು ಸೊಪ್ಪು ಕ್ಯಾನ್ಸರ್ ಗುಣ ಮಾಡುತ್ತೆ’ ಅಂತ ಬಂದಾಗ, ಒಂದೇ ಪ್ರೋಟೀನ್ ಒಂದು ಹೊತ್ತಲ್ಲಿ ಶತ್ರು, ಇನ್ನೊಂದು ಹೊತ್ತಲ್ಲಿ ಮಿತ್ರ ಆಗುತ್ತೆ ಅನ್ನೋದು ನೆನಪಿರಲಿ.

ಅಂಟಿನ ವಿಜ್ಞಾನ ಔಷಧಿಯಾಗಿ ಬಂದೇ ಇಲ್ವಾ? ಬಂದಿದೆ. ಬಿಳಿರಕ್ತಕಣಗಳ ಇಂಟೆಗ್ರಿನ್ ಹಿಡಿತ ತಪ್ಪಿಸೋ ನಟಾಲಿಝುಮ್ಯಾಬ್ 2004ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಕ್ಕೆ ಬಂತು. 2014ರಲ್ಲಿ ಕರುಳಿನ ಉರಿಯೂತದ ಕಾಯಿಲೆಗೆ ವೆಡೋಲಿಝುಮ್ಯಾಬ್ ಬಂತು. 2022ರಲ್ಲಿ ಹೈನ್ಸ್, ರೂಸ್ಲಾಹ್ತಿ ಮತ್ತು ಟಿಮೊಥಿ ಸ್ಪ್ರಿಂಗರ್ ಅವರಿಗೆ ಅಮೆರಿಕದ ಪ್ರತಿಷ್ಠಿತ ಲಾಸ್ಕರ್ ಪ್ರಶಸ್ತಿ ಸಿಕ್ಕಿತು. ಆದರೆ ಕ್ಯಾನ್ಸರಿನಲ್ಲಿ? ಆ ಮೂರು ಅಮೈನೋ ಆಮ್ಲಗಳ ಕೊಂಡಿಯನ್ನೇ ನಕಲು ಮಾಡಿ ತಯಾರಿಸಿದ ಸಿಲೆಂಗಿಟೈಡ್ ಅನ್ನೋ ಔಷಧಿ ಮೆದುಳಿನ ಗಡ್ಡೆಯ ದೊಡ್ಡ ಪರೀಕ್ಷೆಯಲ್ಲಿ ಸೋತಿತು. 2014ರಲ್ಲಿ ಆ ಫಲಿತಾಂಶ ಬಂದಾಗ ಬಹಳ ವರ್ಷಗಳ ನಿರೀಕ್ಷೆ ಮಣ್ಣುಪಾಲಾಯಿತು. ‘ಕ್ಯಾನ್ಸರಿಗೆ ಮದ್ದು ಸಿಕ್ಕೇಬಿಡ್ತು’ ಅಂತ ಸ್ಕ್ರೀನ್ ತುಂಬ ಕೆಂಪಕ್ಷರದಲ್ಲಿ ಹಾಕೋದು ಸುಲಭ. ಸೋತಾಗ ಬ್ರೇಕಿಂಗ್ ನ್ಯೂಸ್ ಬರೋದಿಲ್ಲ.

ಗೆದ್ದ ಒಂದು ಕಥೆಯನ್ನೂ ಹೇಳಲೇಬೇಕು. ನ್ಯೂಜಿಲೆಂಡಿನ ಒಂದು ಮಾವೊರಿ ಕುಟುಂಬದಲ್ಲಿ ತಲೆಮಾರುಗಳಿಂದ ಹರೆಯದವರೇ ಹೊಟ್ಟೆಯ ಕ್ಯಾನ್ಸರಿಗೆ ಬಲಿಯಾಗ್ತಿದ್ದರು. ಶಾಪ ಅಂದವರಿದ್ದರು. ಕುಟುಂಬದವರೇ ವಿಜ್ಞಾನಿಗಳ ಹತ್ತಿರ ಹೋಗಿ ಕೇಳಿದರು. 1998ರಲ್ಲಿ ಉತ್ತರ ಸಿಕ್ಕಿತು: ಅದೇ ಕೈ ಹಿಡಿಯೋ ಅಂಟು, ಇ-ಕ್ಯಾಧರಿನ್, ಅದರ ಜೀನಿನಲ್ಲಿ ದೋಷ. ಈಗ ಅಂಥ ಕುಟುಂಬಗಳಲ್ಲಿ ಯಾರಿಗೆ ಆ ದೋಷ ಬಂದಿದೆ ಅಂತ ರಕ್ತ ಪರೀಕ್ಷೆಯಲ್ಲೇ ತಿಳಿಯಬಹುದು, ಕ್ಯಾನ್ಸರ್ ಬರೋ ಮೊದಲೇ ಜೀವ ಉಳಿಸಬಹುದು.

ಈಗ ನಮ್ಮೂರಿಗೆ ಬರೋಣ. ಜಯಪುರ, ಬಸರೀಕಟ್ಟೆ ಕಡೆಯವರು ಇಲ್ಲಿವರೆಗೆ ‘ಇದೆಲ್ಲ ಬೆಂಗಳೂರು, ಅಮೆರಿಕದ ಮಾತಾಯ್ತಲ್ಲ’ ಅಂದುಕೊಂಡಿರಬಹುದು. ಇಲ್ಲ. ಅಂಟಿನ ಈ ವಿಜ್ಞಾನಕ್ಕೂ ಬಸರೀಕಟ್ಟೆಯ ಅಂಗಳದಲ್ಲಿ ಒಣಗೋ ಫಸಲಿಗೂ ನೇರ ಸಂಬಂಧ ಇದೆ. ಅಡಿಕೆಯ ವಿಷಯ ಹೇಳ್ತಾ ಇದ್ದೀನಿ.

ಸಿಟ್ಟು ಬರಬಹುದು, ಪೂರ್ತಿ ಓದಿ. ಬಾಯಿಯ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತ ಒಂದು ಕಾಯಿಲೆ ಇದೆ. ಬಾಯೊಳಗಿನ ಮೆತ್ತನೆ ಚರ್ಮ ಬಿಳುಚಿಕೊಂಡು ನಾರುನಾರಾಗುತ್ತೆ, ಖಾರ ತಡೆಯಲ್ಲ, ಬರ್ತಾ ಬರ್ತಾ ಬಾಯಿ ತೆರೆಯೋಕೇ ಆಗಲ್ಲ. 1952ರಲ್ಲಿ ಷ್ವಾರ್ಟ್ಜ್ ಅನ್ನೋ ವೈದ್ಯ ಕೀನ್ಯಾದಲ್ಲಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಇದನ್ನು ಗುರುತಿಸಿ ಬರೆದರು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ 66 ರೋಗಿಗಳನ್ನು 17 ವರ್ಷ ಹಿಂಬಾಲಿಸಿ ನೋಡಿದಾಗ ಶೇಕಡಾ 7.6ರಷ್ಟು ಮಂದಿಗೆ ಕ್ಯಾನ್ಸರ್ ಆಗಿತ್ತು. ಇದಕ್ಕೆ ಮುಖ್ಯ ಕಾರಣ ಅಡಿಕೆ ಜಗಿಯೋದು.

ಅಡಿಕೆ ಏನು ಮಾಡುತ್ತೆ? ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ತಂಡ 2011ರಲ್ಲಿ ತೋರಿಸಿದ್ದು: ಅಡಿಕೆಯಲ್ಲಿರೋ ಅರೆಕೊಲಿನ್, ಬಾಯಿಯ ಕೋಶಗಳ ಮೇಲೆ ಒಂದು ಬಗೆಯ ಇಂಟೆಗ್ರಿನ್ ಹೆಚ್ಚೋ ಹಾಗೆ ಮಾಡುತ್ತೆ. ಆ ಇಂಟೆಗ್ರಿನ್ ಟಿಜಿಎಫ್-ಬೀಟಾ ಅನ್ನೋ ಸಂಕೇತವನ್ನು ಎಬ್ಬಿಸುತ್ತೆ. ಆ ಸಂಕೇತ ನಾರು ಕಟ್ಟಿಸುತ್ತೆ. ನಮ್ಮ ಐಐಎಸ್‌ಸಿಯಲ್ಲೇ ಪ್ರೊಫೆಸರ್ ಪಾಟೂರು ಕೊಂಡಯ್ಯ ಅವರ ತಂಡ ಅಡಿಕೆಯ ಸತ್ವವನ್ನು ಕೋಶಗಳಿಗೆ ಹಾಕಿ ನೋಡಿದಾಗ ಅದೇ ಟಿಜಿಎಫ್-ಬೀಟಾ ದಾರಿ ಚುರುಕಾಯಿತು. ಅದು ಪ್ರಕಟವಾಗಿದ್ದು 2012ರಲ್ಲಿ. ಎರಡು ದೇಶ, ಎರಡು ತಂಡ, ಒಂದೇ ದಿಕ್ಕು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಅಡಿಕೆಯನ್ನು ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರೋದು ಖಚಿತ ಅನ್ನೋ ಗುಂಪಿಗೆ ಸೇರಿಸಿತು. ‘ತಪ್ಪೆಲ್ಲ ತಂಬಾಕಿನದ್ದು, ಅಡಿಕೆ ಪಾಪದ್ದು’ ಅನ್ನೋ ವಾದ ಪ್ರತಿ ಚರ್ಚೆಯಲ್ಲೂ ನನ್ನ ಸ್ಟುಡಿಯೋದಲ್ಲಿ ಬರುತ್ತೆ. ತೈವಾನಿನಲ್ಲಿ ಸಾಮಾನ್ಯವಾಗಿ ತಂಬಾಕು ಹಾಕದೇ ಅಡಿಕೆ ಜಗೀತಾರೆ, ಅಲ್ಲೂ ಬಾಯಿ ಕ್ಯಾನ್ಸರ್ ದೊಡ್ಡ ಸಮಸ್ಯೆ. ತಂಬಾಕು ಸೇರಿದರೆ ಅಪಾಯ ಇನ್ನೂ ಹೆಚ್ಚು ಅನ್ನೋದು ನಿಜ. ಹೊಗೆರಹಿತ ತಂಬಾಕು ಮತ್ತು ಅಡಿಕೆಯಿಂದ 2022ರಲ್ಲಿ ಭಾರತದಲ್ಲಿ ಸುಮಾರು 83 ಸಾವಿರ ಬಾಯಿ ಕ್ಯಾನ್ಸರ್ ಪ್ರಕರಣಗಳಾದವು ಅಂತ 2024ರ ಒಂದು ಅಂತಾರಾಷ್ಟ್ರೀಯ ಅಂದಾಜು ಹೇಳುತ್ತೆ. ಜಗತ್ತಿನಲ್ಲೇ ಅತಿ ಹೆಚ್ಚು.

ಇದನ್ನು ಹೇಳೋದು ಬೆಳೆಗಾರರ ಹೊಟ್ಟೆ ಮೇಲೆ ಹೊಡೆದ ಹಾಗೆ ಅಂತ ಬೇಸರ ಪಡೋರಿದ್ದಾರೆ. ಅವರ ನೋವು ನನಗೆ ಅರ್ಥ ಆಗುತ್ತೆ. ಒಂದು ಕಡೆ ಕೊಳೆರೋಗ, ಇನ್ನೊಂದು ಕಡೆ ದಶಕಗಳಿಂದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳನ್ನು ತಿಂತಾ ಇರೋ ಹಳದಿ ಎಲೆ ರೋಗ, ಅದರ ಮೇಲೆ ಎಲೆಚುಕ್ಕಿ. ಕೊನೆ ತೆಗೆಯೋಕೆ ಜನ ಸಿಗಲ್ಲ, ರೇಟು ಯಾವತ್ತು ಬೀಳುತ್ತೋ ಗೊತ್ತಿಲ್ಲ. ಮಕ್ಕಳ ಫೀಸು, ಮಗಳ ಮದುವೆ, ಸೊಸೈಟಿಯ ಸಾಲ, ಎಲ್ಲವೂ ಆ ಮರಗಳ ಮೇಲೇ ನಿಂತಿದೆ. ಬೆಳೆಗಾರ ಅಪರಾಧಿ ಅಲ್ಲ. ಆದರೆ ಸಂಶೋಧನೆಯೇ ಸುಳ್ಳು ಅಂತ ಭಾಷಣ ಮಾಡೋ ರಾಜಕಾರಣಿ ಬೆಳೆಗಾರನಿಗೆ ಉಪಕಾರವನ್ನೂ ಮಾಡ್ತಿಲ್ಲ. ಮಾಡಬೇಕಾದ್ದು ಬೇರೆ: ಕಾಫಿ, ಮೆಣಸು, ಏಲಕ್ಕಿ ಜೊತೆ ಬೆಳೆ ಹಂಚಿಕೊಳ್ಳೋಕೆ ನೆರವು, ಚೊಗರಿನಿಂದ ಬಣ್ಣ ತೆಗೆಯೋ ಥರದ ಜಗಿಯದ ಬಳಕೆಗಳಿಗೆ ಮಾರುಕಟ್ಟೆ, ರೋಗ ತಡೆಯೋ ತಳಿಗೆ ದುಡ್ಡು. ಇದನ್ನ ಕೇಳಿ. ಜೋರಾಗಿ ಕೇಳಿ. ಕೇಳೋರ ಜೊತೆ ನಾನಿದ್ದೀನಿ. ಆದರೆ ಎಲೆಯಡಿಕೆ ತಟ್ಟೆ ಮುಂದೆ ಕೂತ ಅಪ್ಪನಿಗೆ, ಅಜ್ಜಿಗೆ, ಗುಟ್ಕಾ ಚೀಟಿ ಹರಿಯೋ ತಮ್ಮನಿಗೆ ನಿಜ ಹೇಳೋದನ್ನ ಅಲ್ಲಿವರೆಗೆ ಮುಂದೂಡೋಕೆ ಆಗಲ್ಲ.

ಕೊನೆಗೆ ಕೈಗೆ ಸಿಗೋ ಮಾತು. ಬಾಯಿ ಕ್ಯಾನ್ಸರಿನ ಒಂದು ಒಳ್ಳೆ ಗುಣ ಏನಂದರೆ ಅದು ಕಣ್ಣಿಗೆ ಕಾಣೋ ಜಾಗದಲ್ಲಿ ಹುಟ್ಟುತ್ತೆ. ಕನ್ನಡಿ ಮುಂದೆ ನಿಲ್ಲಿ, ಬೆಳಕು ಹಾಕಿಕೊಳ್ಳಿ. ಕೆನ್ನೆಯ ಒಳಗೆ, ನಾಲಗೆಯ ಅಂಚಿನಲ್ಲಿ, ನಾಲಗೆ ಕೆಳಗೆ ಬಿಳಿ ಅಥವಾ ಕೆಂಪು ಮಚ್ಚೆ ಇದೆಯಾ ನೋಡಿ. ಮೂರು ವಾರವಾದರೂ ಮಾಯದ ಹುಣ್ಣು ಇದೆಯಾ? ಮೊದಲು ತಿಂತಿದ್ದ ಖಾರ ಈಗ ಉರಿಯುತ್ತಾ? ನಿಮ್ಮದೇ ಮೂರು ಬೆರಳು ಉದ್ದಕ್ಕೆ ಜೋಡಿಸಿ ಮೇಲಿನ ಕೆಳಗಿನ ಹಲ್ಲುಗಳ ನಡುವೆ ಇಟ್ಟು ನೋಡಿ, ಹಿಡಿಸದಿದ್ದರೆ ಬಾಯಿ ತೆರೆಯೋದು ಕಮ್ಮಿಯಾಗ್ತಿದೆ ಅಂತ ಅರ್ಥ. ಇಷ್ಟರಲ್ಲಿ ಯಾವುದೇ ಒಂದಿದ್ದರೂ ಹಲ್ಲಿನ ಡಾಕ್ಟರ್ ಹತ್ತಿರ ಹೋಗಿ, ನಾಳೆ ಅನ್ನಬೇಡಿ. ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಇದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಬಡವರ ಕ್ಯಾನ್ಸರ್ ಆಸ್ಪತ್ರೆಯಾಗಿ ನಿಂತಿದೆ.

ಬಸರೀಕಟ್ಟೆಯಂಥ ಊರಿನವರಿಗೆ ಇದು ಯಾಕೆ ಹೆಚ್ಚು ಮುಖ್ಯ ಅಂದರೆ, ದೊಡ್ಡ ಆಸ್ಪತ್ರೆಗೆ ಹೋಗಬೇಕಂದರೆ ಘಟ್ಟ ಇಳಿದು ಮಣಿಪಾಲ, ಮಂಗಳೂರು, ಇಲ್ಲಾ ಶಿವಮೊಗ್ಗ, ಬೆಂಗಳೂರು. ಹೋಗಿ ಬರೋದರಲ್ಲೇ ದಿನ ಹೋಗುತ್ತೆ, ಜೊತೆಗೆ ಬರೋರ ಕೂಲಿ ಹೋಗುತ್ತೆ. ಮಳೆಗಾಲ ಮುಗೀಲಿ, ಕೊಯ್ಲು ಮುಗೀಲಿ, ಅಡಿಕೆ ಬೇಯಿಸಿ ಒಣಗಿಸಿ ಆಗಲಿ ಅಂತ ಹುಣ್ಣನ್ನ ಮುಂದೂಡೋದು ಹೀಗೇ. ಆ ಮೂರು ನಾಲ್ಕು ತಿಂಗಳಲ್ಲೇ ಒಂದು ಕೋಶ ಕೈ ಬಿಡುತ್ತೆ, ಇನ್ವರ್ಟರ್ ಹಾಕಿಕೊಂಡು ಪ್ರಯಾಣ ಹೊರಡುತ್ತೆ. ಅದು ಹೊರಟ ಮೇಲೆ ಹಿಡಿಯೋ ಮದ್ದನ್ನ ಐಐಎಸ್‌ಸಿಯವರು, ಜಗತ್ತಿನವರು ಇನ್ನೂ ಹುಡುಕ್ತಾ ಇದ್ದಾರೆ. ಹೊರಡೋಕೆ ಮೊದಲು ಹಿಡಿದರೆ, ಹೆಚ್ಚಿನ ಸಲ ಒಂದು ಆಪರೇಷನ್‌ನಲ್ಲಿ ಮುಗಿಯೋ ಕೆಲಸ. ಇವತ್ತು ರಾತ್ರಿ ಊಟ ಆದಮೇಲೆ, ಎಲೆಯಡಿಕೆ ತಟ್ಟೆಗೆ ಕೈ ಹಾಕೋ ಮೊದಲು, ಮನೆಯ ಹಿರಿಯರಿಗೊಮ್ಮೆ ಟಾರ್ಚ್ ಹಿಡಿದು ಬಾಯಿ ನೋಡಿ.